ಬೈಗುಳದ ಜಾಡು ಹಿಡಿದು ಸಿಕ್ಕ ಶೃಂಗಾರ ಲೇಖಕಿ

ತನ್ನ ಕಥೆಗಳನ್ನು ತಾನೇ ಪ್ರಕಟಿಸಿಕೊಳ್ಳುವ ಒಬ್ಬ ಶೃಂಗಾರ ಲೇಖಕಿಯ ಆರನೇ ಕಥೆಯನ್ನು ಹೋದ ತಿಂಗಳು ಓದಿ ಮುಗಿಸಿದೆ. ಅದಕ್ಕೂ ಮೊದಲು ಆಕೆಯದೇ ಒಂದನ್ನು ಗೆಳೆಯರಿಗೆ ಓದಲು ಕೊಟ್ಟಿದ್ದೆ. "ತಾವೇ ಪ್ರಕಟಿಸಿಕೊಳ್ಳೋ ಕಾಮಕಥೆಗಳಲ್ಲಿ ಸಾಹಿತ್ಯ ಹುಡುಕ್ತೀಯಲ್ಲ, ಮರಳು ಹಿಂಡಿದರೆ ಎಣ್ಣೆ ಬರುತ್ತಾ?" ಎಂದು ಎರಡು ವರ್ಷ ಹೇಳಿದವರು ಅವರೇ. ಈಗ "ಇವರದು ಇನ್ನೇನಿದೆ, ಕೊಡು" ಎನ್ನುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲು ದುಡ್ಡು ಕಳೆದುಕೊಂಡ ವಿಷಯ. ಮುಖಪುಟ ನೋಡಿ, ಓದುಗರು ಕೊಟ್ಟ ನಕ್ಷತ್ರ ಎಣಿಸಿ, ಆನ್‌ಲೈನ್ ಅಂಗಡಿಯೇ ತೋರಿಸುವ "ನಿಮಗೆ ಇದೂ ಇಷ್ಟವಾಗಬಹುದು" ನಂಬಿ ಸುಮಾರು ನಲವತ್ತು ಇ-ಪುಸ್ತಕ ಕೊಂಡೆ. ನೂರಿಪ್ಪತ್ತು ಡಾಲರ್ ಹತ್ತಿರ ಹೋಗಿರಬೇಕು. ಕೊನೆತನಕ ಓದಿದ್ದು ಏಳೋ ಎಂಟೋ. 2.99 ಡಾಲರ್ ಕೊಟ್ಟ ಎಷ್ಟೋ ಪುಸ್ತಕ ಇಪ್ಪತ್ತು ಪುಟಕ್ಕೇ ಮುಗಿದು, ಉಳಿದ ಪುಟಗಳಲ್ಲಿ ಮುಂದಿನ ಭಾಗದ ಜಾಹೀರಾತು ಇರುತ್ತಿತ್ತು. ಆ ಬೆಲೆಯ ಗುಟ್ಟು ನನಗೆ ತಡವಾಗಿ ಹೊಳೆಯಿತು. ಅಮೆಜಾನ್‌ನ ಇ-ಪುಸ್ತಕದಂಗಡಿ ಕಿಂಡಲ್‌ನಲ್ಲಿ 2.99ರಿಂದ 9.99 ಡಾಲರ್ ಒಳಗೆ ಬೆಲೆ ಇಟ್ಟರೆ ಲೇಖಕರಿಗೆ ಶೇ. 70 ರಾಯಲ್ಟಿ, ಅದಕ್ಕಿಂತ ಕಡಿಮೆ ಇಟ್ಟರೆ ಶೇ. 35. ಅಂದರೆ 0.99ಕ್ಕೆ ಮಾರಿದರೆ ಕೈಗೆ ಮೂವತ್ತೈದು ಸೆಂಟ್, 2.99ಕ್ಕೆ ಮಾರಿದರೆ ಸುಮಾರು ಎರಡು ಡಾಲರ್. ಸಣ್ಣ ಕಥೆಗೂ ಅದೇ ಬೆಲೆ ಬೀಳುವುದು ಇದರಿಂದ. ಬರೆದು ಬದುಕುವವರನ್ನು ಇದಕ್ಕೆ ದೂರುವ ಮನಸ್ಸು ನನಗಿಲ್ಲ.

ಚಂದಾ ಪದ್ಧತಿ ಇನ್ನೊಂದು ಎಳೆ. ತಿಂಗಳ ಚಂದಾ ಕಟ್ಟಿ ಬೇಕಾದಷ್ಟು ಓದಬಹುದಾದ ಕಿಂಡಲ್ ಅನ್‌ಲಿಮಿಟೆಡ್ 2014ರಲ್ಲಿ ಶುರುವಾದಾಗ ಓದುಗ ಹತ್ತರಲ್ಲೊಂದು ಭಾಗ ದಾಟಿದರೆ ಸಾಕು, ಪುಸ್ತಕ ಎಷ್ಟೇ ಚಿಕ್ಕದಿದ್ದರೂ ಲೇಖಕರಿಗೆ ಒಂದೇ ಮೊತ್ತ. ಎಷ್ಟೋ ಮಂದಿ ಕಥೆಯನ್ನು ತುಂಡು ತುಂಡು ಮಾಡಿ ಮಾರಿದರು. 2015ರ ಜುಲೈಯಿಂದ ಓದಿದ ಪುಟಕ್ಕೆ ತಕ್ಕ ಹಣ ಎಂದಾಯಿತು, ಎಳೆದು ಉದ್ದ ಮಾಡುವುದು ಲಾಭವಾಯಿತು. ಅಲ್ಲಿಗೆ ಸೇರಿಸಿದ ಇ-ಪುಸ್ತಕವನ್ನು ಬೇರೆ ಕಡೆ ಮಾರುವಂತೆಯೂ ಇಲ್ಲ. ಅಲ್ಲಿ ಒಳ್ಳೆಯವರು ಖಂಡಿತ ಇದ್ದಾರೆ, ಆದರೆ ನನ್ನ ಹುಡುಕಾಟವನ್ನು ತಮ್ಮದೇ ಪುಟದಲ್ಲಿ ಅಥವಾ ನಾಲ್ಕಾರು ಅಂಗಡಿಗಳಲ್ಲಿ ಮಾರುವವರಿಗೆ ಮೀಸಲಿಟ್ಟೆ. ಅರ್ಧ ಕಸ ಅಲ್ಲೇ ಹೋಯಿತು.

ಪದ ಹಾಕಿ ಹುಡುಕುವುದರಿಂದ ಮಾತ್ರ ಏನೂ ಸಿಗಲಿಲ್ಲ. 2012ರ ಫೆಬ್ರವರಿಯಲ್ಲಿ ಹಣ ಪಾವತಿಯ ಸಂಸ್ಥೆ ಪೇಪಾಲ್ ಒತ್ತಡ ಹಾಕಿ, ಇ-ಪುಸ್ತಕದಂಗಡಿ ಸ್ಮ್ಯಾಶ್‌ವರ್ಡ್ಸ್ ಕೆಲವು ಬಗೆಯ ಕಾಮಕಥೆಗಳನ್ನು ತೆಗೆಯಲು ಹೊರಟಿತ್ತು. ಗಲಾಟೆಯಾಗಿ ಮಾರ್ಚ್‌ನಲ್ಲಿ ಪೇಪಾಲ್ ತನ್ನ ನಿಲುವು ಸಡಿಲಿಸಿತು, ಆದರೆ ಹೆದರಿಕೆ ಉಳಿಯಿತು. ಗಂಭೀರವಾಗಿ ಬರೆಯುವವರು ಪುಸ್ತಕದ ಪರಿಚಯದಲ್ಲಿ ನೇರ ಪದಗಳನ್ನೇ ಬಳಸುವುದಿಲ್ಲ. ವಯಸ್ಕರ ಪುಸ್ತಕ ಎಂದು ಗುರುತು ಬಿದ್ದರೆ ಅಂಗಡಿಯ ಸಾಮಾನ್ಯ ಹುಡುಕಾಟದಲ್ಲೂ ಎಷ್ಟೋ ಸಲ ಕಾಣಿಸುವುದಿಲ್ಲ. ಹೀಗಿರುವಾಗ 'ಸಾಹಿತ್ಯಕ ಶೃಂಗಾರ' ಎಂದು ಹಾಕಿದರೆ ಯಾರು ಸಿಗುತ್ತಾರೆ?

ಕೊನೆಗೆ ಕೈಹಿಡಿದದ್ದು ಬೈಗುಳ. ಐದು ನಕ್ಷತ್ರದ ವಿಮರ್ಶೆ ಓದುವುದನ್ನೇ ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಓದತೊಡಗಿದೆ. "ನಿಧಾನ", "ವರ್ಣನೆ ಜಾಸ್ತಿ", "ಏನೂ ಆಗುವುದೇ ಇಲ್ಲ" ಎಂಬ ದೂರುಗಳಿದ್ದ ಪುಸ್ತಕಗಳನ್ನು ಗುರುತು ಹಾಕಿಕೊಂಡೆ. ಒಬ್ಬ ಓದುಗರಂತೂ ಮೂವತ್ತು ಪುಟ ಕಾದರೂ ಕೈಗಡಿಯಾರ ಬಿಟ್ಟು ಬೇರೇನೂ ಬಿಚ್ಚಲಿಲ್ಲ ಎಂದು ಕೆಂಡವಾಗಿದ್ದರು. ಓದಿದ ಕೂಡಲೇ, ಕೊಳ್ಳುವ ಮೊದಲು ಓದಲು ಸಿಗುವ ಮಾದರಿ ಪುಟ ತೆರೆದೆ. ಅದು ಆಕೆಯ ಪುಸ್ತಕ.

ಅನ್ನ ಬೆಂದಿದೆಯೋ ನೋಡಲು ಒಂದಗುಳು ಸಾಕು ಎನ್ನುತ್ತಾರೆ. ಆ ಅಗುಳನ್ನು ಮೇಲಿನಿಂದ ತೆಗೆಯಬಾರದು. ಮೊದಲ ಪುಟವನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ, ನಾನು ಮಾದರಿಯ ಕೊನೆಯ ಎರಡು ಪುಟ ಮೊದಲು ಓದುತ್ತೇನೆ. ಅಲ್ಲಿತ್ತು ಆ ಕೈಗಡಿಯಾರ. ಐವತ್ತೆಂಟರ ಹೆಂಗಸು, ತೀರಿಹೋದ ಗಂಡನ ಗೆಳೆಯನ ಮಣಿಕಟ್ಟು ಹಿಡಿದುಕೊಂಡಿದ್ದಾಳೆ. ಬೆವರಿಗೆ ಬಿಗಿದ ಚರ್ಮದ ಪಟ್ಟಿ. ಬಕಲ್‌ನ ಮುಳ್ಳು ತೂತಿನಿಂದ ಹೊರಬರಲು ಒಂದು ಇಡೀ ಪ್ಯಾರಾ. ಕೆಳಗೆ ಬಿಸಿಲು ಕಾಣದ ಬಿಳಿಚು ಚರ್ಮ, ಅದರ ಮೇಲೆ ಪಟ್ಟಿಯ ಹೊಲಿಗೆಯ ಅಚ್ಚು. ಆಕೆಯ ಹೆಬ್ಬೆರಳು ಅಲ್ಲೇ ನಿಂತುಬಿಡುತ್ತದೆ. ಇಬ್ಬರೂ ಮಾತಾಡುವುದಿಲ್ಲ. ಮುಂದೆ ಬಹಳ ಪುಟಗಳಾದ ಮೇಲೆ, ಹಾಸಿಗೆಯಲ್ಲಿ, ಅದೇ ಹೆಬ್ಬೆರಳು ಅದೇ ಜಾಗಕ್ಕೆ ಮರಳಿ ಬಂದಾಗ ನನ್ನ ಮೈ ಜುಮ್ಮೆಂದಿತು. ಇಂಥದ್ದು ಬರೆಯುವವರಿಗೆ ಅಂಗಾಂಗಗಳ ಪಟ್ಟಿ ಬೇಕಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬದಿಗಿಟ್ಟ ಹತ್ತು ಪುಸ್ತಕಗಳಿಂದ ಒಂದೊಂದು ಪ್ರಣಯ ದೃಶ್ಯ ತೆಗೆದು ಕ್ರಿಯಾಪದಗಳಿಗೆ ಮಾತ್ರ ಗೆರೆ ಹಾಕಿದೆ. ಎಲ್ಲದರಲ್ಲೂ ಅವೇ ಹದಿನೈದೋ ಹದಿನಾರೋ. ಈ ಲೇಖಕಿಯ ಒಂದೇ ದೃಶ್ಯದಲ್ಲಿ ನಲವತ್ತು ದಾಟಿತು, ಅವುಗಳಲ್ಲಿ ಬಹುಪಾಲು ದಿನನಿತ್ಯದ ಪದಗಳು: ಮಡಚು, ಒರೆಸು, ಸರಿಸು. ಗಟ್ಟಿಯಾಗಿ ಓದಿ ನೋಡುವುದನ್ನೂ ಪ್ರಯತ್ನಿಸಿದೆ, ಅದರಿಂದ ಅಷ್ಟೇನೂ ತಿಳಿಯಲಿಲ್ಲ.

ಹಲವರ ಕಥೆಗಳಿರುವ ಸಂಕಲನಗಳ ಪರಿವಿಡಿಯಿಂದ ಹೊಸ ಲೇಖಕರ ಹೆಸರು ಹೆಕ್ಕುವುದು ಹಳೆಯ ದಾರಿ. ಅದಕ್ಕೆ ನಾನು ಸೇರಿಸಿದ್ದು ಕೃತಜ್ಞತೆಯ ಪುಟ: ಕರಡು ಓದಿಕೊಟ್ಟವರ ಹೆಸರುಗಳು ಅಲ್ಲಿರುತ್ತವೆ, ಅವರಲ್ಲಿ ಒಬ್ಬಿಬ್ಬರು ತಾವೂ ಬರೆಯುವವರು. ದೂರುಗಳನ್ನು ಬೇಗ ಸೋಸಲು ನಾನು ಬಳಸುವ ಎರಡು ಪದಗಳ ಜೋಡಿ ಒಂದಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಲೇಖಕಿಯ ಹೆಸರನ್ನೂ ಬರೆಯುವುದಿಲ್ಲ, ಕಾವ್ಯನಾಮದ ಹಿಂದೆ ಇರುವವರನ್ನು ಅವರ ಒಪ್ಪಿಗೆ ಕೇಳದೆ ಜನರ ಮುಂದೆ ತಂದು ನಿಲ್ಲಿಸಲು ನನಗೆ ಮನಸ್ಸಿಲ್ಲ.

ಆಕೆಯ ಉಳಿದ ಐದು ಕಥೆಗಳನ್ನು ಆಕೆಯ ಸ್ವಂತ ಪುಟದಿಂದಲೇ ಕೊಂಡೆ, ಒಟ್ಟು ಇಪ್ಪತ್ತು ಡಾಲರ್ ಆಸುಪಾಸು. ನಲವತ್ತು ಪುಸ್ತಕಕ್ಕೆ ಸುರಿದದ್ದರ ಆರರಲ್ಲೊಂದು ಪಾಲು. ಕೈಗಡಿಯಾರದ ಪ್ಯಾರಾ ಬಗ್ಗೆ ಪತ್ರ ಬರೆದು, ನೀವು ಯಾರನ್ನು ಓದುತ್ತೀರಿ ಎಂದೂ ಕೇಳಿದೆ. ಹೀಗೆ ಹನ್ನೆರಡು ಲೇಖಕರಿಗೆ ಬರೆದಿದ್ದೆ, ನಾಲ್ವರು ಉತ್ತರಿಸಿದರು. ಆಕೆಯ ಉತ್ತರ ಮೂರೇ ಸಾಲು, ಅದರಲ್ಲಿ ಒಂದು ಹೆಸರು. ಆ ಹೆಸರಿನ ಪುಸ್ತಕಕ್ಕೆ ವಿಮರ್ಶೆ ಇರುವುದೇ ಎರಡು, ಎರಡರಲ್ಲೂ "ನಿಧಾನ" ಎಂಬ ದೂರು. ಇವತ್ತು ರಾತ್ರಿ ಅದರ ಮಾದರಿಯನ್ನು ಕೊನೆಯ ಪುಟದಿಂದ ಶುರುಮಾಡುತ್ತೇನೆ.