ಲೇಸರ್ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕೆಲಸಕ್ಕೆ ಮರಳುವವರಿಗೆ

ದೃಷ್ಟಿದೋಷ ಸರಿಪಡಿಸುವ ಲೇಸರ್ ಚಿಕಿತ್ಸೆಯಾದ ಲಾಸಿಕ್ ಮಾಡಿಸಿಕೊಂಡ ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲೇ ದೃಷ್ಟಿ ತಿಳಿಯಾಗುತ್ತದೆ. ಆದರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ) ಮೇಲ್ಪದರವನ್ನೇ ತೆಗೆಯುವ ಪಿಆರ್‌ಕೆ ಎಂಬ ಇನ್ನೊಂದು ಲೇಸರ್ ವಿಧಾನದಲ್ಲಿ ಆ ಪದರ ಮತ್ತೆ ಬೆಳೆಯಲು ಸಾಮಾನ್ಯವಾಗಿ 3ರಿಂದ 5 ದಿನ ಬೇಕಾಗುವುದರಿಂದ, ಕನಿಷ್ಠ ಒಂದು ವಾರದ ರಜೆಯನ್ನು ಮೊದಲೇ ಪಡೆದುಕೊಳ್ಳುವುದು ಒಳ್ಳೆಯದು.

ಸ್ಪಷ್ಟವಾಗಿ ಕಾಣಿಸಿತೆಂದ ಮಾತ್ರಕ್ಕೆ ಕಣ್ಣು ಪೂರ್ತಿ ಗುಣವಾಯಿತೆಂದು ದಯವಿಟ್ಟು ಭಾವಿಸಬೇಡಿ. ಚಿಕಿತ್ಸೆಯಲ್ಲಿ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುವುದರಿಂದ ಹಲವರಿಗೆ ಕೆಲವು ತಿಂಗಳು ಕಣ್ಣು ಒಣಗುತ್ತದೆ. ಕಂಪ್ಯೂಟರ್ ನೋಡುವಾಗ ರೆಪ್ಪೆ ಮಿಟುಕಿಸುವುದೂ ಕಡಿಮೆಯಾಗಿ ಉರಿ ಹೆಚ್ಚುತ್ತದೆ. ಆದ್ದರಿಂದ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ವೈದ್ಯರು ಬರೆದುಕೊಟ್ಟ ಹನಿಗಳನ್ನು ಮೇಜಿನ ಮೇಲೆಯೇ ಇಟ್ಟುಕೊಳ್ಳಿ, ಎಸಿಯ ಗಾಳಿ ಮುಖಕ್ಕೆ ನೇರವಾಗಿ ಬೀಸದ ಕಡೆ ಕುಳಿತುಕೊಳ್ಳಿ.

ಎಷ್ಟೇ ತುರಿಕೆಯಾದರೂ ಕಣ್ಣುಜ್ಜಬೇಡಿ. ನೋವು ಹೆಚ್ಚಿದರೆ ಅಥವಾ ದೃಷ್ಟಿ ಮತ್ತೆ ಮಂಜಾದರೆ ಅದೇ ದಿನ ವೈದ್ಯರಿಗೆ ತೋರಿಸಿ.