ಕಾಫಿ ಹಣ್ಣಿನ ಗಾಡಿಗೆ ಇರುವೆ ಲೆಕ್ಕ

ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತಲಿನ ಒಂದಷ್ಟು ಸಣ್ಣ ಬೆಳೆಗಾರರು ಸೇರಿ ಒಂದೇ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಇಟ್ಟುಕೊಂಡಿದ್ದೇವೆ. ಅರೇಬಿಕಾ ಕೊಯ್ಲಿನ ಕಾಲದಲ್ಲಿ ಎರಡು ಪಿಕಪ್ ಗಾಡಿಗಳು ಮಧ್ಯಾಹ್ನದ ಮೇಲೆ ತೋಟ ತೋಟ ಸುತ್ತಿ ಹಣ್ಣು ತರುತ್ತವೆ. ಕುಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು. ರಾತ್ರಿಯೆಲ್ಲ ಚೀಲದಲ್ಲೇ ಉಳಿದರೆ ಬಿಸಿಯಾಗಿ ಹುಳಿ ಹಿಡಿಯುತ್ತದೆ. ಯಾವ ಗಾಡಿ ಯಾವ ತೋಟಕ್ಕೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವಳು ಅಲ್ವಾ, ಅದಕ್ಕೆ.

ಇಪ್ಪತ್ತು ತೋಟಗಳನ್ನು ಒಂದೇ ಗಾಡಿ ಸುತ್ತುವುದಾದರೂ 24,000 ಕೋಟಿ ಕೋಟಿಗಿಂತ ಜಾಸ್ತಿ ಕ್ರಮಗಳು ಸಾಧ್ಯ. ಕೇಳಿದರೆ ಭಯ ಆಗುತ್ತದೆ. ಆದರೆ ಇಷ್ಟು ಚಿಕ್ಕ ಲೆಕ್ಕವನ್ನು ಪುಕ್ಕಟೆ ಸಿಗುವ ಪ್ರೋಗ್ರಾಮುಗಳೇ ಕ್ಷಣದಲ್ಲಿ ಚೆನ್ನಾಗಿ ಬಿಡಿಸುತ್ತವೆ. ನನಗೆ ತಲೆನೋವಾಗಿದ್ದು ಲೆಕ್ಕಕ್ಕೆ ಹಾಕುವ ಅಂಕಿಗಳು. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ "ಹತ್ತು ಚೀಲ ಆಗಬಹುದು" ಎನ್ನುತ್ತಾರೆ. ಸಂಜೆ ಹದಿನಾಲ್ಕು ಇರುತ್ತದೆ, ಇಲ್ಲವೇ ಆರು. ಚೆಟ್ಟಳ್ಳಿ ಕಡೆ ರಸ್ತೆಗೆ ಆನೆ ಬಂದರೆ ಗಾಡಿ ನಿಂತಲ್ಲೇ ನಿಲ್ಲಬೇಕು. ಡಿಸೆಂಬರಿನಲ್ಲಿ ಅಕಾಲ ಮಳೆ ಹಿಡಿದರೆ ಕೊಯ್ಲು ನಿಲ್ಲುತ್ತದೆ, ಬಿಸಿಲು ಬಂದ ಕೂಡಲೇ ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತದೆ. ಹೊತ್ತು ಹೊತ್ತಿಗೂ ಹೊಸದಾಗಿ ಲೆಕ್ಕ ಹಾಕಿದಾಗ, ಒಂದು ತೋಟದ ಅಂಕಿ ಚೂರು ಬದಲಾದರೂ ಇಡೀ ದಾರಿ ತಲೆಕೆಳಗಾಗಿ ಬರುತ್ತಿತ್ತು. ಅದಕ್ಕೇ ಹಿಂದಿನ ಉತ್ತರವನ್ನು ನೆನಪಿಟ್ಟುಕೊಂಡು ಬೇಕಾದಷ್ಟೇ ಬದಲಾಗುವ ವಿಧಾನ ಹುಡುಕಿದೆ. ಸಿಕ್ಕಿದ್ದು ಇರುವೆ.

ಮಾರ್ಕೊ ಡೊರಿಗೊ 1992ರಲ್ಲಿ ಮಿಲಾನಿನಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಿಂದ ಬಂದ ವಿಧಾನ ಇದು. ಕಂಪ್ಯೂಟರಿನೊಳಗೆ ಒಂದು ಕೋಷ್ಟಕ ಇರುತ್ತದೆ. ಯಾವುದೇ ಎರಡು ತೋಟಗಳ ನಡುವಿನ ದಾರಿಗೆ ಅದರಲ್ಲಿ ಒಂದು ಅಂಕಿ. ಅದು ಇರುವೆ ಬಿಟ್ಟು ಹೋಗುವ ವಾಸನೆ, ಫೆರೊಮೋನ್. ಲೆಕ್ಕದ ಒಂದು ಸುತ್ತಿಗೆ ಇಪ್ಪತ್ತು ಮೂವತ್ತು ಕಲ್ಪಿತ ಇರುವೆಗಳನ್ನು ತೋಟ ತೋಟ ಸುತ್ತಲು ಬಿಡುತ್ತೇವೆ. ಪ್ರತಿಯೊಂದೂ ವಾಸನೆ ಜಾಸ್ತಿ ಇರುವ, ಹತ್ತಿರವೂ ಇರುವ ತೋಟದ ಕಡೆ ವಾಲುತ್ತದೆ, ಆದರೆ ಪ್ರತಿ ಸಲವೂ ಅದನ್ನೇ ಆರಿಸುವುದಿಲ್ಲ. ಕೊನೆಗೆ ಒಳ್ಳೆಯ ಕ್ರಮದಲ್ಲಿ ತೋಟ ಸುತ್ತಿದ ಇರುವೆಯ ದಾರಿಗೆ ವಾಸನೆ ಸೇರಿಸಿ, ಎಲ್ಲ ದಾರಿಗಳಿಂದಲೂ ಸ್ವಲ್ಪ ವಾಸನೆ ಆವಿಯಾಗಲು ಬಿಡುತ್ತೇವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ನೂರು ನೂರೈವತ್ತು ಸಾಲು.

ಈ ಆವಿಯ ಪ್ರಮಾಣದ ಮೇಲೇ ನಾನು ಜಾಸ್ತಿ ಹೊತ್ತು ಕೂತೆ. ಬ್ರಸೆಲ್ಸ್‌ನ ಸಂಶೋಧಕರು 1989ರಲ್ಲಿ ಅರ್ಜೆಂಟೀನಾ ಇರುವೆಗಳ ಮೇಲೆ ಮಾಡಿದ ಪ್ರಯೋಗ ಒಂದಿದೆ. ಗೂಡಿಗೂ ಆಹಾರಕ್ಕೂ ನಡುವೆ ಉದ್ದದ ಸೇತುವೆ ಮತ್ತು ಗಿಡ್ಡ ಸೇತುವೆ ಎರಡನ್ನೂ ಮೊದಲಿನಿಂದಲೇ ಇಟ್ಟರೆ ಬಹುಪಾಲು ಇರುವೆಗಳು ಗಿಡ್ಡದ್ದನ್ನು ಹಿಡಿದವು. ಮೊದಲು ಉದ್ದದ್ದನ್ನು ಮಾತ್ರ ಇಟ್ಟು, ಅರ್ಧ ಗಂಟೆ ಬಿಟ್ಟು ಗಿಡ್ಡದ್ದನ್ನು ಜೋಡಿಸಿದರೆ ಹೆಚ್ಚಿನವು ಉದ್ದದ ದಾರಿಯಲ್ಲೇ ಉಳಿದವು. ಹಳೇ ವಾಸನೆ ಅಷ್ಟು ಗಟ್ಟಿ, ಆರುವುದು ಅಷ್ಟು ನಿಧಾನ. ಅಂದರೆ ನಿಜವಾದ ಇರುವೆಗೇ ಬದಲಾವಣೆ ಕಷ್ಟ. ಪ್ರಕೃತಿಯಿಂದ ಕಲಿತದ್ದು ಎಂದ ಮಾತ್ರಕ್ಕೆ ಬದಲಾಗುವ ಜಾಗಕ್ಕೆ ತಾನೇ ಹೊಂದಿಕೊಳ್ಳುತ್ತದೆ ಎಂದು ನಂಬುವವರು ಈ ಪ್ರಯೋಗದ ಬಗ್ಗೆ ಒಮ್ಮೆ ಓದಬೇಕು.

ಲೆಕ್ಕ ನೋಡಿ. ಸುತ್ತಿಗೆ ನೂರರಲ್ಲಿ ಎರಡು ಪಾಲು ಆವಿಯಾದರೆ, ಹೊಸ ವಾಸನೆ ಸೇರದ ದಾರಿಯಲ್ಲಿ 50 ಸುತ್ತಿನ ನಂತರವೂ 36 ಪಾಲು ಉಳಿದಿರುತ್ತದೆ. ಹತ್ತು ಪಾಲು ಆವಿಯಾದರೆ ಉಳಿಯುವುದು ಅರ್ಧ ಪಾಲು. ಮೊದಲನೆಯದರಲ್ಲಿ ಹಳೇ ದಾರಿ ಬಿಡುವುದೇ ಇಲ್ಲ. ಎರಡನೆಯದರಲ್ಲಿ ಕಲಿತದ್ದು ನಿಲ್ಲುವುದೇ ಇಲ್ಲ. ನಾನು ಸಾಮಾನ್ಯ ಹೊತ್ತಿನಲ್ಲಿ ಎರಡಕ್ಕೇ ಇಡುತ್ತೇನೆ. ರಸ್ತೆ ಬಂದ್ ಎಂದು ಸುದ್ದಿ ಬಂದರೆ ಆ ತೋಟದ ಅಕ್ಕಪಕ್ಕದ ದಾರಿಗಳಲ್ಲಿ ಮಾತ್ರ ಕೆಲವು ಸುತ್ತು ಹತ್ತಕ್ಕೆ ಏರಿಸುತ್ತೇನೆ. ಮಾದಾಪುರದ ಕಡೆ ಕಲಿತದ್ದನ್ನು ಚೆಟ್ಟಳ್ಳಿ ಆನೆಗಾಗಿ ಯಾಕೆ ಮರೆಯಬೇಕು?

ಇದರ ಜೊತೆ ಇನ್ನೆರಡು ಸೇರಿಸಿದೆ. ವಾಸನೆಗೆ ಒಂದು ಕನಿಷ್ಠ ಮಿತಿ. ಸ್ಟುಟ್ಸ್ಲೆ ಮತ್ತು ಹೂಸ್ 2000ದಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇದು ಇದೆ. ಯಾವ ದಾರಿಯೂ ಪೂರ್ತಿ ಸೊನ್ನೆಗೆ ಇಳಿಯದೆ ಇದ್ದರೆ, ಆನೆ ಹೋದ ಮೇಲೆ ಆ ರಸ್ತೆ ಮತ್ತೆ ಬಳಕೆಗೆ ಬರುತ್ತದೆ. ಇನ್ನೊಂದು, ಪ್ರತಿ ಸುತ್ತಿನಲ್ಲಿ ಕೆಲವು ಇರುವೆಗಳು ವಾಸನೆಯನ್ನೇ ನೋಡದೆ ಹೋಗಬೇಕು. ಉತ್ತರಗಳನ್ನು ತಲೆಮಾರು ತಲೆಮಾರಾಗಿ ಬೆರೆಸಿ ಬೆಳೆಸುವ ಲೆಕ್ಕದ ವಿಧಾನಕ್ಕೆ ಜೆನೆಟಿಕ್ ಆಲ್ಗಾರಿದಮ್ ಎನ್ನುತ್ತಾರೆ. 1992ರಲ್ಲಿ ಗ್ರೆಫೆನ್‌ಸ್ಟೆಟ್ ಅದಕ್ಕೆ ಮಾಡಿದ ಉಪಾಯವನ್ನೇ ಇಲ್ಲಿಗೆ ತಂದೆ. ಅವರು ಪ್ರತಿ ತಲೆಮಾರಿನಲ್ಲೂ ಒಂದು ಪಾಲು ಹೊಸ ಉತ್ತರಗಳನ್ನು ಸುಮ್ನೆ ಒಳಗೆ ಬಿಡುತ್ತಿದ್ದರು.

ಸಂತೆ ದಿನಗಳದ್ದು ಬೇರೆಯೇ ಕಥೆ. ಮಂಗಳವಾರ ಕುಶಾಲನಗರ, ಶುಕ್ರವಾರ ಮಡಿಕೇರಿ. ಪೇಟೆ ಹತ್ತಿರ ರಸ್ತೆ ತುಂಬುತ್ತದೆ, ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರು ಸಂತೆಗೆ ಹೋದರೆ ಹಣ್ಣೂ ಕಡಿಮೆ. ಇದು ವಾರ ವಾರ ತಿರುಗಿ ಬರುವ ಬದಲಾವಣೆ. ಆದ್ದರಿಂದ ಸಂತೆ ದಿನದ ಕೋಷ್ಟಕವನ್ನು ಪ್ರತ್ಯೇಕ ಫೈಲಿನಲ್ಲಿ ಎತ್ತಿಟ್ಟು ಮುಂದಿನ ವಾರ ಅಲ್ಲಿಂದಲೇ ಶುರು ಮಾಡುತ್ತೇನೆ. ಆನೆ ಹಾಗೆ ವಾರ ನೋಡಿ ಬರುವುದಿಲ್ಲವಲ್ಲ, ಅದಕ್ಕೆ ಫೈಲ್ ಇಲ್ಲ.

ಬದಲಾವಣೆಗಿಂತ ಕಷ್ಟದ್ದು ಅನುಮಾನ. ಹತ್ತು ಚೀಲ ಎಂದದ್ದು ಹದಿನಾಲ್ಕಾದರೆ ಅದು ಇವತ್ತಿನ ಏರುಪೇರೋ, ಅಥವಾ ಆ ತೋಟದಲ್ಲಿ ಹಣ್ಣಾಗುವುದು ಜೋರಾಯಿತೋ? ಹಳೇ ಉತ್ತರವನ್ನು ಮತ್ತೆ ಲೆಕ್ಕ ಹಾಕಿ, ಫಲಿತಾಂಶ ಬೇರೆ ಬಂದರೆ ಪರಿಸರ ಬದಲಾಗಿದೆ ಎಂದು ತಿಳಿಯಿರಿ ಎನ್ನುವುದು ರೂಢಿಯ ಉಪಾಯ. ಅಂಕಿಗಳೇ ಅಲ್ಲಾಡುವಾಗ ಅದು ದಿನವೂ ಸುಳ್ಳು ಗಂಟೆ ಹೊಡೆಯುತ್ತದೆ. ನಾನು ಎರಡನ್ನೂ ಬೇರೆ ಮಾಡಿದೆ. ರಸ್ತೆ, ಮಳೆ, ಆನೆಯಂಥ ದೊಡ್ಡ ಬದಲಾವಣೆಯನ್ನು ಮನುಷ್ಯರೇ ಹೇಳುತ್ತಾರೆ. ಮೇಸ್ತ್ರಿಯ ಫೋನ್, ವಾಟ್ಸ್ಆ್ಯಪ್ ಗುಂಪು, ಅಷ್ಟು ಸಾಕು. ನಿಧಾನದ ಬದಲಾವಣೆಗೆ ಪ್ರತಿ ತೋಟದಲ್ಲೂ ಹೇಳಿದ ಚೀಲಕ್ಕೂ ಬಂದ ಚೀಲಕ್ಕೂ ಇರುವ ಅನುಪಾತವನ್ನು ಬರೆದಿಡುತ್ತೇನೆ. ಹೊಸ ದಿನಗಳಿಗೆ ಜಾಸ್ತಿ ತೂಕ ಕೊಟ್ಟು ಸರಾಸರಿ ತೆಗೆಯುತ್ತೇನೆ. ಕೆಲವರು ಯಾವಾಗಲೂ ಕಡಿಮೆ ಹೇಳುತ್ತಾರೆ, ಕೆಲವರು ಜಾಸ್ತಿ. ಅದೂ ಒಂದು ಮಾಹಿತಿಯೇ.

ಉಳಿದ ಏರುಪೇರಿಗೆ ಪ್ರತಿ ದಾರಿಯನ್ನೂ ಹದಿನೈದು ಕಲ್ಪಿತ ಸಂಜೆಗಳ ಮೇಲೆ ಓಡಿಸಿ ನೋಡುತ್ತೇನೆ. ಒಂದರಲ್ಲಿ ಈ ತೋಟದ್ದು ಜಾಸ್ತಿ, ಇನ್ನೊಂದರಲ್ಲಿ ಆ ತೋಟದ್ದು. ಇಲ್ಲಿ ಒಂದು ವಿಷಯ ಮುಖ್ಯ. ಒಂದು ಸುತ್ತಿನ ಎಲ್ಲ ಇರುವೆಗಳಿಗೂ ಅದೇ ಹದಿನೈದು ಸಂಜೆಗಳು ಇರಬೇಕು. ಇಲ್ಲದಿದ್ದರೆ ಸುಲಭದ ಸಂಜೆ ಸಿಕ್ಕ ಇರುವೆ ಗೆಲ್ಲುತ್ತದೆ, ಅದರ ದಾರಿ ಒಳ್ಳೆಯದಾಗಿರಬೇಕಿಲ್ಲ. ಸರಾಸರಿ ಸಮಯದ ಮೇಲೆ ಆರಿಸುವುದನ್ನೂ ಬಿಟ್ಟೆ. ಹದಿನೈದರಲ್ಲಿ ಹನ್ನೆರಡು ಸಂಜೆ ಎಷ್ಟು ಗಂಟೆಯೊಳಗೆ ಮುಗಿಯುತ್ತದೋ ಅದನ್ನು ಅಳತೆ ಮಾಡಿಕೊಂಡೆ. ಗಾಡಿ ಹೊರುವುದು ಒಂದೂವರೆ ಟನ್, ಅಂದರೆ ಐವತ್ತು ಕಿಲೋದ ಮೂವತ್ತು ಚೀಲ. ಸರಾಸರಿ ನೋಡಿದರೆ ಇಪ್ಪತ್ತೊಂಬತ್ತು ತುಂಬುವ ದಾರಿ ಚಂದ ಕಾಣುತ್ತದೆ. ಎರಡು ಚೀಲ ಹೆಚ್ಚಾದರೆ ಕೊನೆಯ ತೋಟಕ್ಕೆ ಮತ್ತೆ ಹೋಗಬೇಕು, ಪಲ್ಪರ್ ರಾತ್ರಿಯವರೆಗೂ ಕಾಯಬೇಕು. ಈಗ ಬರುವ ದಾರಿಗಳು ಸ್ವಲ್ಪ ಉದ್ದ. ಆದರೆ ಗಾಡಿಯಲ್ಲಿ ಜಾಗ ಉಳಿದಿರುತ್ತದೆ.

ಡ್ರೈವರ್ ಒಂದು ದಿನ ನೇರವಾಗಿಯೇ ಹೇಳಿದರು. "ಅಕ್ಕ, ಹೊರಟ ಮೇಲೆ ದಾರಿ ಬದಲಾಯಿಸ್ಬೇಡಿ. ತೋಟದ ರಸ್ತೇಲಿ ಗಾಡಿ ತಿರುಗಿಸೋಕೆ ಜಾಗ ಎಲ್ಲಿದೆ?" ಅವರ ಮಾತು ನಿಜ. ಅಂದಿನಿಂದ ಕೈಯಲ್ಲಿರುವ ಪಟ್ಟಿಗಿಂತ ಬೇರೆಯಾದ ಪ್ರತಿ ತೋಟಕ್ಕೂ ಹತ್ತು ನಿಮಿಷ ದಂಡ ಸೇರಿಸಿದೆ. ಮುಂದಿನ ಎರಡು ತೋಟಗಳನ್ನು ಮುಟ್ಟುವುದೇ ಇಲ್ಲ. ಅಷ್ಟು ದಂಡ ಕಟ್ಟಿಯೂ ಲಾಭ ಕಂಡರೆ ಮಾತ್ರ ಹೊಸ ಪಟ್ಟಿ ಕಳಿಸುತ್ತೇನೆ. ಈಗ ಫೋನ್ ಹೋಗುವುದು ಅಪರೂಪ.

ಹಕ್ಕಿ ಹಿಂಡಿನ ವಿಧಾನವನ್ನೂ ನೋಡಿದೆ. ಕೆನಡಿ ಮತ್ತು ಎಬರ್‌ಹಾರ್ಟ್ ಅವರ 1995ರದ್ದು. ಅದು ಅಂಕಿಗಳನ್ನು ಹೊಂದಿಸಲು ಚೆನ್ನಾಗಿದೆ, ತೋಟಗಳ ಕ್ರಮಕ್ಕೆ ಸುತ್ತಿಬಳಸಿ ತರಬೇಕು. ಜೊತೆಗೆ ಪರಿಸರ ಬದಲಾದಾಗ ಉತ್ತರ ಹುಡುಕುವ ಪ್ರತಿ ಕಲ್ಪಿತ ಹಕ್ಕಿಯೂ ನೆನಪಿಟ್ಟ "ನನ್ನ ಅತ್ಯುತ್ತಮ" ಹಳಸಿ ಹೋಗಿರುತ್ತದೆ, ಎಲ್ಲವನ್ನೂ ಮತ್ತೆ ಅಳೆಯಬೇಕು. ತೋಳ, ಬಾವಲಿ, ಕೋಗಿಲೆ, ತಿಮಿಂಗಿಲ ಎಂದು ಪ್ರಾಣಿಗೊಂದು ಆಲ್ಗಾರಿದಮ್ ಇದೆ. ಹೆಸರು ತೆಗೆದರೆ ಹಲವು ಒಂದೇ ಥರ ಕಾಣುತ್ತವೆ. ಕೆನ್ನೆತ್ ಸೊರೆನ್ಸನ್ 2015ರಲ್ಲಿ ಈ ಗೀಳಿನ ಬಗ್ಗೆ ಖಾರವಾಗಿಯೇ ಬರೆದಿದ್ದಾರೆ. ಆನೆ ಹಿಂಡಿನ ಹೆಸರಲ್ಲೂ ಒಂದಿದೆ. ನನಗೆ ಬೇಕಿದ್ದದ್ದು ಆನೆ ಈಗ ಯಾವ ರಸ್ತೆಯಲ್ಲಿದೆ ಎನ್ನುವ ಸುದ್ದಿ.

ನೀವೂ ಮಾಡುವುದಾದರೆ ದೂರವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ. ನಮ್ಮ ತಿರುವುಗಳಲ್ಲಿ ಅದಕ್ಕೆ ಅರ್ಥವಿಲ್ಲ. ಖಾಲಿ ಗಾಡಿಯ ಸಮಯ, ತುಂಬಿದ ಗಾಡಿಯ ಸಮಯ ಬೇರೆ ಬೇರೆ ಬರೆದುಕೊಳ್ಳಿ. ಹತ್ತುವಾಗಿನದ್ದು, ಇಳಿಯುವಾಗಿನದ್ದೂ ಬೇರೆಯೇ. ನಮ್ಮಲ್ಲಿ ಅರೇಬಿಕಾ ಮುಗಿದು ರೊಬಸ್ಟಾ ಶುರುವಾದಾಗ ಹೆಚ್ಚಿನವರು ತಮ್ಮ ಕಣದಲ್ಲೇ ಒಣಗಿಸುತ್ತಾರೆ, ಗಾಡಿ ನಿಲ್ಲಬೇಕಾದ ತೋಟಗಳು ಕಡಿಮೆಯಾಗುತ್ತವೆ. ಆಗ ವಾಸನೆಯ ಕೋಷ್ಟಕವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುತ್ತೇನೆ. ಈ ಸಮಯದ ಪಟ್ಟಿಯನ್ನು ಮಾತ್ರ ಹಾಗೇ ಇಟ್ಟುಕೊಳ್ಳುತ್ತೇನೆ.