ಚರ್ನ್ ಸಂಖ್ಯೆಯನ್ನು ಲೆಕ್ಕಹಾಕುವುದು ಹೇಗೆ: ಪಂಚರತ್ನಂ ತ್ರಿಕೋನದಿಂದ ಆರಂಭಿಸಿ

ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಟೋಪಾಲಜಿಯನ್ನು ಕಲಿಯಹೊರಟ ವಿದ್ಯಾರ್ಥಿಗಳು ಫೈಬರ್ ಬಂಡಲ್, ಕನೆಕ್ಷನ್, ವಕ್ರತೆ ಮುಂತಾದ ವ್ಯಾಖ್ಯೆಗಳಲ್ಲಿಯೇ ದಣಿದು, ಒಂದು ಸಂಖ್ಯೆಯನ್ನೂ ತಾವೇ ಲೆಕ್ಕಹಾಕಿ ನೋಡದೆ ಹಿಂದೆ ಸರಿಯುವುದುಂಟು. ಮೊದಲು ಲೆಕ್ಕ, ಆಮೇಲೆ ವ್ಯಾಖ್ಯೆ ಎಂಬ ಕ್ರಮವೇ ಉತ್ತಮವೆಂದು ನಾನು ದೃಢವಾಗಿ ನಂಬಿದ್ದೇನೆ. ಇಲ್ಲಿ ಲೆಕ್ಕಹಾಕಲಿರುವುದು ಚರ್ನ್ ಸಂಖ್ಯೆಯನ್ನು, ಅಂದರೆ ಸ್ಫಟಿಕದ ಒಂದು ಶಕ್ತಿಪಟ್ಟಿಗೆ ಅಂಟಿಕೊಂಡಿರುವ, ಆ ಪಟ್ಟಿಯ ಸ್ಥಿತಿಗಳು ಒಟ್ಟಾರೆ ಹೇಗೆ ತಿರುಚಿಕೊಂಡಿವೆ ಎಂಬುದನ್ನು ಹೇಳುವ ಪೂರ್ಣಾಂಕವನ್ನು. ಸಂಕೀರ್ಣ ಸಂಖ್ಯೆಗಳ ಗುಣಾಕಾರ, ಎರಡು ಸಾಲು ಎರಡು ಕಂಬಗಳ ಮಾತೃಕೆಯ ಐಗನ್‌ಸದಿಶ, ಸ್ಫಟಿಕಗಳ ಶಕ್ತಿಪಟ್ಟಿಗಳ ಪ್ರಾಥಮಿಕ ಪರಿಚಯ, ಇಷ್ಟು ಗೊತ್ತಿದ್ದವರು ಇಲ್ಲಿ ಹೇಳುವ ಕ್ರಮವನ್ನು ಅನುಸರಿಸಬಹುದು.

ಆರಂಭಕ್ಕೆ ತಕ್ಕ ಉದಾಹರಣೆ ಬೆಂಗಳೂರಿನಲ್ಲೇ ಹುಟ್ಟಿದ್ದು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಅವರು 1956ರಲ್ಲಿ ಒಂದು ಸರಳ ಪ್ರಶ್ನೆಯನ್ನು ಎತ್ತಿಕೊಂಡರು: ಬೇರೆ ಬೇರೆ ಧ್ರುವೀಕರಣವುಳ್ಳ (ಅಂದರೆ ಬೇರೆ ಬೇರೆ ರೀತಿಯಲ್ಲಿ ಕಂಪಿಸುವ) ಎರಡು ಬೆಳಕಿನ ಕಿರಣಗಳು ಒಂದೇ ಫೇಸ್‌ನಲ್ಲಿವೆ, ಅಂದರೆ ಅಲೆಯ ಏರಿಳಿತದ ಒಂದೇ ಹಂತದಲ್ಲಿವೆ, ಎಂದು ಹೇಳುವುದು ಯಾವಾಗ? ಎರಡನ್ನೂ ಕೂಡಿಸಿದಾಗ ತೀವ್ರತೆ ಗರಿಷ್ಠವಾದರೆ ಅವು ಒಂದೇ ಫೇಸ್‌ನಲ್ಲಿವೆ ಎಂಬುದು ಅವರ ಉತ್ತರ. ಆದರೆ ಮೊದಲನೆಯದು ಎರಡನೆಯದರೊಂದಿಗೆ, ಎರಡನೆಯದು ಮೂರನೆಯದರೊಂದಿಗೆ ಹೊಂದಿದ್ದರೂ, ಮೂರನೆಯದು ಮೊದಲನೆಯದರೊಂದಿಗೆ ಹೊಂದಬೇಕೆಂದಿಲ್ಲ. ಉಳಿಯುವ ವ್ಯತ್ಯಾಸವು, ಧ್ರುವೀಕರಣಗಳನ್ನು ಗುರುತಿಸುವ ಪ್ವಾಂಕರೆ ಗೋಳದ ಮೇಲೆ ಆ ಮೂರು ಬಿಂದುಗಳ ತ್ರಿಕೋನವು ಕೇಂದ್ರದಲ್ಲಿ ರಚಿಸುವ ಘನಕೋನದ ಅರ್ಧದಷ್ಟಿರುತ್ತದೆ. ಕ್ವಾಂಟಂ ಸ್ಥಿತಿಗಳಿಗೆ ಮೈಕೆಲ್ ಬೆರ‍್ರಿ 1984ರಲ್ಲಿ ಪ್ರಕಟಿಸಿದ ಜ್ಯಾಮಿತೀಯ ಫೇಸ್‌ಗೂ ಈ ಕೆಲಸಕ್ಕೂ ಇರುವ ನಂಟನ್ನು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು 1986ರಲ್ಲಿ ತೋರಿಸಿಕೊಟ್ಟರು.

ಇದನ್ನು ಕಾಗದದ ಮೇಲೆ ಮಾಡಿ ನೋಡಿ. ಸಮತಲ ಧ್ರುವೀಕರಣವನ್ನು (1, 0) ಎಂದೂ, 45 ಡಿಗ್ರಿ ಓರೆಯಾದುದನ್ನು (1, 1)/√2 ಎಂದೂ, ವೃತ್ತೀಯವಾದುದನ್ನು (1, ಐ)/√2 ಎಂದೂ ಬರೆದುಕೊಳ್ಳಿ. ಇಲ್ಲಿ ಐ ಎಂದರೆ ಋಣ ಒಂದರ ವರ್ಗಮೂಲ. ಒಳಗುಣಲಬ್ಧ ತೆಗೆಯುವಾಗ ಎಡಗಡೆಯ ಸದಿಶದ ಸಂಯುಗ್ಮವನ್ನು ತೆಗೆದುಕೊಳ್ಳಬೇಕೆಂಬುದನ್ನು ಮರೆಯಬಾರದು. ಮೊದಲನೆಯದರಿಂದ ಎರಡನೆಯದಕ್ಕೆ 1/√2, ಎರಡನೆಯದರಿಂದ ಮೂರನೆಯದಕ್ಕೆ (1 + ಐ)/2, ಮೂರನೆಯದರಿಂದ ಮರಳಿ ಮೊದಲನೆಯದಕ್ಕೆ 1/√2 ಬರುತ್ತದೆ. ಮೂರನ್ನೂ ಗುಣಿಸಿದರೆ (1 + ಐ)/4, ಅದರ ಕೋನ ಪೈ/4. ಗೋಳದ ಮೇಲೆ ಈ ಮೂರು ಬಿಂದುಗಳು ಒಂದಕ್ಕೊಂದು ಲಂಬ ದಿಕ್ಕಿನಲ್ಲಿರುವುದರಿಂದ ಅವು ಗೋಳದ ಎಂಟನೆಯ ಒಂದು ಭಾಗವನ್ನು ಸುತ್ತುವರಿಯುತ್ತವೆ. ಆ ಭಾಗದ ಘನಕೋನ ಪೈ/2, ಅದರ ಅರ್ಧ ಪೈ/4. ಸುತ್ತುವ ದಿಕ್ಕನ್ನು ತಿರುಗಿಸಿದರೆ ಕೋನದ ಚಿಹ್ನೆ ಬದಲಾಗುತ್ತದೆ.

ಈಗ ಮೂರರಲ್ಲಿ ಯಾವುದಾದರೊಂದು ಸದಿಶವನ್ನು ನಿಮಗೆ ತೋಚಿದ ಫೇಸ್‌ನಿಂದ ಗುಣಿಸಿ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಪ್ರತಿಯೊಂದು ಸದಿಶವೂ ಗುಣಲಬ್ಧದಲ್ಲಿ ಒಮ್ಮೆ ನೇರವಾಗಿ, ಒಮ್ಮೆ ಸಂಯುಗ್ಮವಾಗಿ ಬರುವುದರಿಂದ ಆ ಫೇಸ್ ತಾನಾಗಿ ಅಳಿದುಹೋಗುತ್ತದೆ. ಬಿಡಿ ಸ್ಥಿತಿಯ ಫೇಸ್ ನಮ್ಮ ಆಯ್ಕೆ, ಸುತ್ತು ಮುಗಿಸಿ ಬಂದ ಫೇಸ್ ಭೌತಿಕ ಸತ್ಯ; ಮುಂದಿನ ಲೆಕ್ಕವೆಲ್ಲ ಈ ಒಂದು ಸಂಗತಿಯ ಮೇಲೆಯೇ ನಿಂತಿದೆ.

ಇನ್ನು ಸ್ಫಟಿಕಕ್ಕೆ ಬರೋಣ. ಎರಡು ಆಯಾಮದ ಸ್ಫಟಿಕದಲ್ಲಿ ಇಲೆಕ್ಟ್ರಾನಿನ ಸಂವೇಗವನ್ನು ಎಕ್ಸ್, ವೈ ಎಂಬ ಎರಡು ಕೋನಗಳು ಸೂಚಿಸುತ್ತವೆ. ಎರಡೂ 2 ಪೈ ದಾಟಿದಾಗ ಮೊದಲಿನ ಜಾಗಕ್ಕೆ ಮರಳುವುದರಿಂದ ಬ್ರಿಲ್ಲೂವಾ ವಲಯವು, ಅಂದರೆ ಈ ಸಂವೇಗಗಳೆಲ್ಲ ಸೇರಿದ ಕ್ಷೇತ್ರವು, ಟೋರಸ್ ಆಗುತ್ತದೆ, ಅಂದರೆ ಬಳೆಯಾಕಾರದ, ಅಂಚೇ ಇಲ್ಲದ ಮುಚ್ಚಿದ ಮೇಲ್ಮೈ. ಅಭ್ಯಾಸಕ್ಕೆ ಚೀ, ವೂ ಮತ್ತು ಝಾಂಗ್ 2006ರಲ್ಲಿ ಬಳಸಿದ ಎರಡು ಪಟ್ಟಿಗಳ ಮಾದರಿಯೇ ಸಾಕು: ಎರಡು ಸಾಲು ಎರಡು ಕಂಬಗಳ ಮೂರು ಪೌಲಿ ಮಾತೃಕೆಗಳನ್ನು ಕ್ರಮವಾಗಿ ಸೈನ್ ಎಕ್ಸ್, ಸೈನ್ ವೈ, ಮತ್ತು ಎಂ + ಕಾಸ್ ಎಕ್ಸ್ + ಕಾಸ್ ವೈ ಇವುಗಳಿಂದ ಗುಣಿಸಿ ಕೂಡಿಸಿದರೆ ಹ್ಯಾಮಿಲ್ಟೋನಿಯನ್, ಅಂದರೆ ಶಕ್ತಿಗಳನ್ನು ಕೊಡುವ ಮಾತೃಕೆ, ಸಿದ್ಧ. ಎಂ ಎಂಬುದು ನಾವು ಬದಲಾಯಿಸಬಹುದಾದ ಸಂಖ್ಯೆ. ಅದು 0, 2 ಅಥವಾ −2 ಆದಾಗ ಮಾತ್ರ ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟುತ್ತವೆ; ಅಲ್ಲಿ ಚರ್ನ್ ಸಂಖ್ಯೆಗೆ ಅರ್ಥವಿಲ್ಲ.

ಫುಕುಯಿ, ಹಾಟ್ಸುಗಾಯಿ ಮತ್ತು ಸುಜುಕಿ 2005ರಲ್ಲಿ ಕೊಟ್ಟ ವಿಧಾನ ನನಗೆ ಅತ್ಯಂತ ಪ್ರಿಯವಾದುದು, ಏಕೆಂದರೆ ಅದು ಪಂಚರತ್ನಂ ತ್ರಿಕೋನವನ್ನೇ ಚೌಕವಾಗಿಸಿ ಟೋರಸ್ ತುಂಬ ಹಾಸುತ್ತದೆ. ಪ್ರತಿ ದಿಕ್ಕನ್ನೂ 30 ಸಮಭಾಗಗಳಾಗಿ ಮಾಡಿ 900 ಬಿಂದುಗಳಲ್ಲಿ ಕೆಳಪಟ್ಟಿಯ ಐಗನ್‌ಸದಿಶವನ್ನು ಕಂಡುಹಿಡಿದು ಇಟ್ಟುಕೊಳ್ಳಿ. ಪೈಥಾನ್ ಭಾಷೆಯಲ್ಲಿ ನಮ್‌ಪೈ ಎಂಬ ಗಣಿತದ ಲೈಬ್ರರಿ ಇದನ್ನು ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. ಬಳಿಕ ಪ್ರತಿಯೊಂದು ಪುಟ್ಟ ಚೌಕದ ನಾಲ್ಕು ಮೂಲೆಗಳನ್ನು ಎಡಸುತ್ತಾಗಿ ಸುತ್ತುತ್ತಾ ನಾಲ್ಕು ಒಳಗುಣಲಬ್ಧಗಳನ್ನು ಗುಣಿಸಿ, ಬಂದ ಸಂಕೀರ್ಣ ಸಂಖ್ಯೆಯ ಕೋನವನ್ನು −ಪೈ ಮತ್ತು ಪೈಗಳ ನಡುವೆ ತೆಗೆದುಕೊಳ್ಳಿ. ಎಲ್ಲ ಚೌಕಗಳ ಕೋನಗಳನ್ನು ಕೂಡಿಸಿ 2 ಪೈಯಿಂದ ಭಾಗಿಸಿದರೆ ಚರ್ನ್ ಸಂಖ್ಯೆ ಸಿಗುತ್ತದೆ.

ಉತ್ತರ ಪೂರ್ಣಾಂಕವೇ ಆಗಿರುತ್ತದೆ. ಕಾರಣವನ್ನು ನಿಧಾನವಾಗಿ ನೋಡಬೇಕು. ಟೋರಸ್‌ಗೆ ಅಂಚಿಲ್ಲದ್ದರಿಂದ ಪ್ರತಿಯೊಂದು ಬದಿಯೂ ಎರಡು ಚೌಕಗಳಿಗೆ ಸೇರಿದ್ದು, ಒಂದರಲ್ಲಿ ಒಂದು ದಿಕ್ಕಿಗೂ ಇನ್ನೊಂದರಲ್ಲಿ ಅದರ ವಿರುದ್ಧ ದಿಕ್ಕಿಗೂ ಸಾಗುತ್ತದೆ. ಹೀಗಾಗಿ ಎಲ್ಲ ಚೌಕಗಳ ಗುಣಲಬ್ಧಗಳನ್ನು ಮತ್ತೆ ಗುಣಿಸಿದರೆ ಪ್ರತಿ ಸಂಖ್ಯೆಯೂ ತನ್ನ ಸಂಯುಗ್ಮವನ್ನು ಕೂಡಿ ಧನ ವಾಸ್ತವ ಸಂಖ್ಯೆಯೊಂದು ಉಳಿಯುತ್ತದೆ. ಅದರ ಕೋನ ಸೊನ್ನೆಯಾದ್ದರಿಂದ ಬಿಡಿ ಕೋನಗಳ ಮೊತ್ತವು 2 ಪೈಯ ಗುಣಕವಾಗಲೇಬೇಕು.

ಆದರೆ ಇದೇ ಕಾರಣಕ್ಕೆ ಪೂರ್ಣಾಂಕ ಬಂದ ಮಾತ್ರಕ್ಕೆ ಲೆಕ್ಕ ಸರಿಯೆಂದು ನಂಬುವಂತಿಲ್ಲ. ಜಾಲರಿ ತೀರ ಒರಟಾಗಿದ್ದರೂ ಪೂರ್ಣಾಂಕವೇ ಬರುತ್ತದೆ, ಅದು ತಪ್ಪು ಪೂರ್ಣಾಂಕವಾಗಿರಬಹುದು. ಎಲ್ಲ ಚೌಕಗಳಲ್ಲಿ ಅತ್ಯಂತ ದೊಡ್ಡ ಕೋನ ಎಷ್ಟೆಂಬುದನ್ನು ಮುದ್ರಿಸಿ ನೋಡಿ, ಅದು ಪೈಗಿಂತ ಸಾಕಷ್ಟು ಕಡಿಮೆಯಿರಬೇಕು. ಎಂ 1.98 ಆದರೆ ವಕ್ರತೆಯ, ಅಂದರೆ ಚೌಕಗಳು ಕೊಡುವ ಈ ಕೋನಗಳ, ಬಹುಪಾಲು ಸುಮಾರು 0.02 ಅಗಲದ ಪ್ರದೇಶದಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತದೆ, ಆಗ 30 ಭಾಗಗಳ ಜಾಲರಿಯನ್ನು ನಂಬಲಾಗದು. ಇನ್ನೊಂದು ಎಚ್ಚರಿಕೆ: ನಾಲ್ಕು ಒಳಗುಣಲಬ್ಧಗಳನ್ನು ಗುಣಿಸಿದ ಮೇಲೆಯೇ ಕೋನವನ್ನು ತೆಗೆಯಬೇಕು. ಬದಿಗಳ ಕೋನಗಳನ್ನು ಬೇರೆಬೇರೆಯಾಗಿ ತೆಗೆದು ಕೂಡಿಸಿದರೆ ಅವೆಲ್ಲ ಒಂದನ್ನೊಂದು ಅಳಿಸಿ ಉತ್ತರ ಯಾವಾಗಲೂ ಸೊನ್ನೆಯಾಗುತ್ತದೆ. ಕೊನೆಯ ಬಿಂದುವಿನ ನೆರೆಯಾಗಿ 0ಯಲ್ಲಿ ಈಗಾಗಲೇ ಇಟ್ಟುಕೊಂಡಿರುವ ಸದಿಶವನ್ನೇ ಬಳಸಬೇಕು. 2 ಪೈಯಲ್ಲಿ ಹೊಸದಾಗಿ ಲೆಕ್ಕಹಾಕಿದರೆ ಬೇರೆ ಫೇಸ್ ನುಸುಳಬಹುದು, ಆಗ ಟೋರಸ್ ಮುಚ್ಚಿಕೊಳ್ಳುವುದಿಲ್ಲ.

ಫಲಿತಾಂಶವನ್ನು ಕೈಯಿಂದಲೇ ಪರೀಕ್ಷಿಸಬಹುದು. ಎಕ್ಸ್, ವೈಗಳೆರಡೂ 0 ಅಥವಾ ಪೈ ಆಗಿರುವ ನಾಲ್ಕು ಬಿಂದುಗಳಲ್ಲಿ ಮೂರನೆಯ ಘಟಕದ ಬೆಲೆ ಎಂ + 2, ಎಂ, ಎಂ, ಎಂ − 2. ಇವುಗಳ ಚಿಹ್ನೆಗಳನ್ನು ಕ್ರಮವಾಗಿ +1, −1, −1, +1ರಿಂದ ಗುಣಿಸಿ ಕೂಡಿಸಿ ಅರ್ಧ ಮಾಡಿ. ಎಂ 1 ಆದರೆ ಉತ್ತರ −1. ಎಂ −1 ಆದರೆ +1. ಎಂ 3 ಆದರೆ 0. ನಿಮ್ಮ ಪ್ರೋಗ್ರಾಂ ಮೂರಕ್ಕೂ ಇದೇ ಪರಿಮಾಣವನ್ನು ಕೊಡಬೇಕು. ಯಾವ ಪಟ್ಟಿ, ಯಾವ ಸುತ್ತು ಎಂಬುದನ್ನು ಅನುಸರಿಸಿ ಒಟ್ಟಾರೆ ಚಿಹ್ನೆ ತಿರುಗಬಹುದು, ಆದರೆ 1 ಮತ್ತು −1ರ ಉತ್ತರಗಳು ಪರಸ್ಪರ ವಿರುದ್ಧವಾಗಿರಲೇಬೇಕು.

ಈ ಪೂರ್ಣಾಂಕವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. 1980ರಲ್ಲಿ ಕ್ಲೌಸ್ ಫಾನ್ ಕ್ಲಿಟ್ಜಿಂಗ್ ಕಂಡ ಹಾಲ್ ರೋಧದ (ಕಾಂತಕ್ಷೇತ್ರದಲ್ಲಿ ವಿದ್ಯುತ್ ಪ್ರವಾಹಕ್ಕೆ ಅಡ್ಡಲಾಗಿ ಅಳೆಯುವ ರೋಧದ) ಮೆಟ್ಟಿಲುಗಳು 25812.807 ಓಮ್ ಅನ್ನು ಪೂರ್ಣಾಂಕದಿಂದ ಭಾಗಿಸಿದ ಬೆಲೆಗಳಲ್ಲಿ ನಿಲ್ಲುತ್ತವೆ. ಆ ಪೂರ್ಣಾಂಕವು ತುಂಬಿದ ಪಟ್ಟಿಗಳ ಇಂಥ ಸಂಖ್ಯೆಗಳ ಮೊತ್ತವೆಂಬುದು 1982ರಲ್ಲಿ ಥೌಲೆಸ್ ಮತ್ತು ಅವರ ಮೂವರು ಸಹೋದ್ಯೋಗಿಗಳ ಲೆಕ್ಕದಿಂದ ಹೊರಬಂತು.

ಮಾದರಿ ಕೈಗೆ ಹತ್ತಿದ ಮೇಲೆ ಹಾಲ್ಡೇನ್ 1988ರಲ್ಲಿ ಕೊಟ್ಟ, ಷಡ್ಭುಜ ಜಾಲರಿಯ ಸ್ಫಟಿಕದ ಮಾದರಿಗೆ ಹೋಗಿ. ಅಲ್ಲಿ ಹ್ಯಾಮಿಲ್ಟೋನಿಯನ್ ವಲಯದ ಎರಡೂ ದಿಕ್ಕಿನಲ್ಲಿ ಪೂರ್ತಿಯಾಗಿ ಪುನರಾವರ್ತಿಸುವಂತೆ ಬರೆದುಕೊಂಡಿದ್ದೀರಾ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ತುಂಬಿದ ಪಟ್ಟಿಗಳು ಹಲವಿದ್ದು ಒಂದನ್ನೊಂದು ಮುಟ್ಟುತ್ತಿದ್ದರೆ, ಪ್ರತಿ ಬದಿಯಲ್ಲೂ ಒಂದು ಒಳಗುಣಲಬ್ಧದ ಬದಲು ಆ ಪಟ್ಟಿಗಳೆಲ್ಲದರ ಒಳಗುಣಲಬ್ಧಗಳ ಮಾತೃಕೆಯ ನಿರ್ಧಾರಕವನ್ನು ಇಡಿ. ಆದರೆ ಕಾಲವಿಪರ್ಯಯ ಸಮಮಿತಿ ಇರುವ, ಅಂದರೆ ಕಾಲದ ದಿಕ್ಕನ್ನು ತಿರುಗಿಸಿದರೂ ಹ್ಯಾಮಿಲ್ಟೋನಿಯನ್ ಬದಲಾಗದ, ವಸ್ತುಗಳಲ್ಲಿ ಈ ಲೆಕ್ಕ ಯಾವಾಗಲೂ ಸೊನ್ನೆಯನ್ನೇ ಕೊಡುತ್ತದೆ; ಕೇನ್ ಮತ್ತು ಮೆಲೆ 2005ರಲ್ಲಿ ಪರಿಚಯಿಸಿದ, ಎರಡೇ ಬೆಲೆಗಳಿರುವ ಸೂಚ್ಯಂಕವನ್ನು ಅಲ್ಲಿ ಬೇರೆಯಾಗಿ ಲೆಕ್ಕಹಾಕಬೇಕಾಗುತ್ತದೆ.